ಕಾಣಿಕೆ ಚೀಲ ಬರುವ ಮುಂಚೆ

ಹೋದ ವರ್ಷ ಕ್ರಿಸ್‌ಮಸ್‌ಗೆ ಎರಡು ವಾರ ಇದ್ದಾಗ ಮನೆಗೆ ಬಣ್ಣ ಹೊಡೆಸಿದೆ. ಶನಿವಾರ ಸಂಜೆ ಪೇಂಟರ್ ಅಣ್ಣ ಕೆಲಸ ಮುಗಿಸಿ, ಥಿನ್ನರ್ ಬಟ್ಟೆಯಲ್ಲಿ ಬೆರಳು ಉಜ್ಜಿಕೊಳ್ಳುತ್ತಾ ಬಾಗಿಲ ಹತ್ತಿರ ನಿಂತಿದ್ದರು. "ಸರ್, ಇವತ್ತು ಬಟವಾಡೆ..." ಅಂದರು. ನನ್ನ ಹತ್ತಿರ ದುಡ್ಡು ಇತ್ತು. ಆದರೂ "ಸೋಮವಾರ ಬನ್ನಿ, ಲೆಕ್ಕ ಮಾಡಿ ಒಟ್ಟಿಗೆ ಕೊಡ್ತೀನಿ" ಅಂದುಬಿಟ್ಟೆ. ಅವರು ಸುಮ್ನೆ ತಲೆ ಆಡಿಸಿ, ಬ್ರಷ್‌ಗಳನ್ನು ಖಾಲಿ ಡಬ್ಬಿಗೆ ಹಾಕಿಕೊಂಡು ಹೋದರು.

ಮಾರನೇ ದಿನ ಚರ್ಚಿನಲ್ಲಿ ಬೈಬಲಿನ ಮಲಾಕಿಯ ಪುಸ್ತಕದ 3:10ರ ಮೇಲೆ ಪ್ರಸಂಗ. ದಶಮಾಂಶವನ್ನು, ಅಂದರೆ ಆದಾಯದ ಹತ್ತನೇ ಒಂದು ಪಾಲನ್ನು, ಭಂಡಾರಕ್ಕೆ ತನ್ನಿ, ಆಶೀರ್ವಾದ ಸುರಿಸುತ್ತೇನೆ ಅನ್ನೋ ವಾಕ್ಯ. ನಮ್ಮಲ್ಲಿ ಬಹಳ ಜನಕ್ಕೆ ಅದು ಬಾಯಿಪಾಠ. ಚೀಲ ಬಂದಾಗ ನಾನೂ 500ರ ನೋಟು ಹಾಕಿದೆ. ಮಧ್ಯಾಹ್ನ ಮನೆಗೆ ಬಂದು ಅದೇ ಅಧ್ಯಾಯವನ್ನು ಮೊದಲಿಂದ ಓದಿದೆ. ಐದೇ ವಚನ ಹಿಂದೆ, 3:5ರಲ್ಲಿ, ತಾನು ಯಾರ ವಿರುದ್ಧ ಸಾಕ್ಷಿ ಹೇಳುತ್ತೇನೆ ಅಂತ ದೇವರು ಒಬ್ಬೊಬ್ಬರನ್ನಾಗಿ ಹೇಳುತ್ತಾನೆ. ಮಾಟಗಾರರು, ವ್ಯಭಿಚಾರಿಗಳು, ಸುಳ್ಳು ಆಣೆ ಇಡುವವರು. ಅವರ ಸಾಲಿನಲ್ಲೇ, ಕೂಲಿಯವರ ಕೂಲಿಯಲ್ಲಿ ಅನ್ಯಾಯ ಮಾಡುವವರು.

ಇಷ್ಟು ವರ್ಷ ಚರ್ಚಿಗೆ ಹೋಗಿದ್ದೇನೆ, ಹತ್ತನೇ ವಚನದ ಪ್ರಸಂಗ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಐದನೇದರ ಮೇಲೆ ಒಂದೂ ಕೇಳಿದ ನೆನಪಿಲ್ಲ.

ಬೈಬಲಿನದೇ ಧರ್ಮೋಪದೇಶಕಾಂಡ 24ರಲ್ಲಿ ಇನ್ನೂ ನೇರವಾಗಿ ಇದೆ. ಕೂಲಿಯವನು ನಿಮ್ಮವನಾಗಲಿ, ಪರದೇಶದವನಾಗಲಿ, ಹೊತ್ತು ಮುಳುಗುವ ಮುಂಚೆ ಅವತ್ತಿನ ಕೂಲಿ ಕೊಡಬೇಕು, ಯಾಕೆಂದರೆ ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಕೊಡದಿದ್ದರೆ ಅವನು ದೇವರಿಗೆ ಮೊರೆಯಿಡುತ್ತಾನೆ, ಪಾಪ ನಿನ್ನ ಮೇಲೆ. ಯಾಕೋಬನ ಪತ್ರಿಕೆಯಲ್ಲಂತೂ ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತದೆ. ಸೋಮವಾರ ಬನ್ನಿ ಅಂದದ್ದು ನನಗೆ ಚಿಕ್ಕ ಮಾತು. ಅವರ ಮನೆಯಲ್ಲಿ ಅದು ಭಾನುವಾರದ ಅಡುಗೆ.

ನಮ್ಮವರು ದಾನ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. ಡಿಸೆಂಬರ್ ಬಂದರೆ ಕಂಬಳಿ, ಕೇಕ್, ಅಕ್ಕಿ ಎಲ್ಲಾ ಹಂಚುತ್ತೇವೆ, ಪ್ರೀತಿಯಿಂದಲೇ. ಆದರೆ ಮನೆಗೆಲಸದ ಅಕ್ಕ ಜ್ವರ ಅಂತ ಮೂರು ದಿನ ಬರದಿದ್ದರೆ ಸಂಬಳ ಹಿಡಿದು, ಹಬ್ಬಕ್ಕೆ ಅವರಿಗೇ ಸೀರೆ ಕೊಟ್ಟು ಫೋಟೋ ತೆಗೆಸಿಕೊಂಡರೆ ಅದು ದಾನ ಹೇಗಾಗುತ್ತೆ? ಅದು ಅವರದೇ ದುಡ್ಡು, ಅಲ್ವಾ?

ಯೇಸುವನ್ನು ನೋಡಲು ಹೋದ ಸುಂಕ ವಸೂಲಿಗಾರ ಜಕ್ಕಾಯನ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಮರ ಹತ್ತಿದ ಕುಳ್ಳ ಅಂತ ಹೇಳಿಕೊಟ್ಟು ಮುಗಿಸುತ್ತೇವೆ. ನನಗೆ ಈಗ ಆ ಕಥೆಯಲ್ಲಿ ಲೆಕ್ಕವೇ ಮುಖ್ಯ ಅನ್ನಿಸುತ್ತದೆ. ಯಾರಿಂದಾದರೂ ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ ಅವನು. ತಪ್ಪನ್ನು ತಾನೇ ಒಪ್ಪಿಕೊಂಡವನು ಅಸಲಿನ ಜೊತೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಅಂತ ಬೈಬಲಿನ ಅರಣ್ಯಕಾಂಡ 5ರಲ್ಲಿದೆ. ನಾಲ್ಕರಷ್ಟು ತೆರಬೇಕಿದ್ದವನು ಕುರಿ ಕದ್ದ ಕಳ್ಳ. ಜಕ್ಕಾಯ ಆ ಕಳ್ಳನ ದಂಡವನ್ನು ತಾನಾಗಿಯೇ ತಲೆ ಮೇಲೆ ಹಾಕಿಕೊಂಡ, ಜೊತೆಗೆ ಆಸ್ತಿಯಲ್ಲಿ ಅರ್ಧ ಬಡವರಿಗೆ ಅಂದ. "ಈ ಮನೆಗೆ ರಕ್ಷಣೆ ಆಯಿತು" ಅಂತ ಯೇಸು ಹೇಳಿದ್ದು ಈ ಮಾತಾದ ಮೇಲೆ.

ಚರ್ಚುಗಳಿಗೂ ಇದೇ ಮಾತು. ಗೇಟು ಕಾಯುವವರಿಗೆ, ಕಸ ಗುಡಿಸುವವರಿಗೆ "ದೇವರ ಕೆಲಸ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹೊಸ ಸೌಂಡ್ ಸಿಸ್ಟಮ್ ಅಂಗಡಿಯವರಿಗೆ ಯಾರೂ ಹಾಗೆ ಹೇಳುವುದಿಲ್ಲ.

ಅವತ್ತು ಭಾನುವಾರ ಸಂಜೆಯೇ ಪೇಂಟರ್ ಅಣ್ಣನ ಮನೆ ಹುಡುಕಿಕೊಂಡು ಹೋದೆ. ದುಡ್ಡು ಕೊಟ್ಟು, ನಿನ್ನೆಯೇ ಕೊಡಬೇಕಿತ್ತು, ತಪ್ಪಾಯ್ತು ಅಂದೆ. "ಪರವಾಗಿಲ್ಲ ಸರ್, ಅಂಗಡಿಯಲ್ಲಿ ಸಾಲ ಬರೆಸಿದ್ದೆ" ಅಂದರು. ನನ್ನೆದುರೇ ಮಗನ ಕೈಗೆ ಎರಡು ನೋಟು ಕೊಟ್ಟು ಅಂಗಡಿಗೆ ಓಡಿಸಿದರು.