ಅವಳು ಮರೆತಿದ್ದಲ್ಲ

ಈಗಷ್ಟೇ ನಮ್ಮ ಹಾಡುಗಾರರ ಗುಂಪಿನ (ಕಾಯರ್) ಅಭ್ಯಾಸ ಮುಗಿಸಿ ಬಂದೆ. ಇದನ್ನು ಬರೆಯದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ಹೊಸ ಹಾಡಿನ ಹಾಳೆ ಹಂಚಿದ್ದೆವು. ಇಪ್ಪತ್ತೆರಡನೇ ಬಾರ್‌ಗೆ (ತಾಳದ ಒಂದು ಸುತ್ತು) ಬಂದಾಗ ಟೆನರ್‌ಗಳು, ಅಂದರೆ ಎತ್ತರದ ಗಂಡು ದನಿಯವರು, ಏನೋ ಬೇರೆಯೇ ಹಾಡಿದರು. ನಿಲ್ಲಿಸಿ ಮತ್ತೆ ಹಾಡಿಸಿದೆ. ಮತ್ತೆ ಅದೇ. ಮೊದಲ ಸ್ವರ ಕಿವಿಗೆ ಪರವಾಗಿಲ್ಲ ಅನ್ನಿಸಿತು, ಎರಡನೆಯದು ಆಲ್ಟೊಗಳು, ಅಂದರೆ ತಗ್ಗಿನ ಹೆಣ್ಣು ದನಿಯವರು, ಹಾಡುವ ಜಿ ಸ್ವರದ ಜೊತೆ ಜಗಳಕ್ಕೆ ನಿಂತ ಹಾಗಿತ್ತು. ನಾಲ್ಕನೇ ಸಲ ಸ್ವಲ್ಪ ಗಟ್ಟಿಯಾಗಿಯೇ "ಹಾಳೆ ನೋಡಿಕೊಂಡು ಹಾಡಿ" ಅಂದೆ. ಪಾಪ, ಅವರು ಹಾಳೆ ನೋಡಿಕೊಂಡೇ ಹಾಡುತ್ತಿದ್ದರು. ಡಿ, ಡಿ ಇರಬೇಕಾದ ಜಾಗದಲ್ಲಿ ಬಿ, ಎ ಅಂತ ಅಚ್ಚಾಗಿತ್ತು.

ಸ್ವರಲಿಪಿ ಬರೆಯುವ ತಂತ್ರಾಂಶದಲ್ಲಿ ಹಾಳೆ ತಯಾರು ಮಾಡಿದ್ದು ನಮ್ಮ ಗುಂಪಿನ ಚಿಕ್ಕ ಹುಡುಗಿ. ಒಂದು ವರ್ಷದಿಂದ ಈ ಕೆಲಸ ಕಲಿಯುತ್ತಿದ್ದಾಳೆ, ತುಂಬಾ ಶ್ರದ್ಧೆ. ಅವಳ ಮುಖ ಸಣ್ಣಗಾಯಿತು. "ತಪ್ಪಾಯ್ತು ಅಕ್ಕಾ, ಯಾವ ಮೋಡ್‌ನಲ್ಲಿದ್ದೆ ಅಂತ ಮರೆತುಬಿಟ್ಟೆ" ಅಂದಳು. ಮೋಡ್ ಅಂದರೆ ಒಂದೇ ಕೀಗೆ ಬೇರೆ ಬೇರೆ ಅರ್ಥ ಕೊಡುವ ಸ್ಥಿತಿ.

ನನಗೆ ಸಿಟ್ಟು ಬಂದಿದ್ದು ಆ "ಮರೆತುಬಿಟ್ಟೆ" ಅನ್ನುವ ಮಾತಿಗೆ.

ಅಭ್ಯಾಸ ಮುಗಿದ ಮೇಲೆ ಅವಳ ಲ್ಯಾಪ್‌ಟಾಪ್ ಮುಂದೆ ಇಬ್ಬರೂ ಕೂತೆವು. ಏನಾಗಿತ್ತು ಅಂತ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ಹುಡುಕಿದೆವು. ಸಾಹಿತ್ಯ ನಮ್ಮ ಗುಂಪಿನವರೇ ಬರೆದದ್ದು. ಕೆಲವರಿಗೆ ಕನ್ನಡ ಲಿಪಿ ಬರುವುದಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಹಾಕುತ್ತೇವೆ. ಆ ಸಾಲು ಶುರುವಾಗುವುದು "ಬಾ ಬೇಗ" ಅಂತ. ಇಂಗ್ಲಿಷ್ ಅಕ್ಷರದಲ್ಲಿ ಅದು ಬಿ, ಎ, ಎ, ಬಿ, ಇ, ಜಿ, ಎ. ಸಂಗೀತ ಗೊತ್ತಿರುವವರಿಗೆ ಈಗಲೇ ಹೊಳೆದಿರಬೇಕು. ಎ ಯಿಂದ ಜಿ ವರೆಗಿನ ಅಕ್ಷರಗಳೇ ಸ್ವರಗಳ ಹೆಸರು. ಸಾಹಿತ್ಯದ ಮೋಡ್‌ನಲ್ಲಿದ್ದರೆ ಅವು ಮಾತು. ಸ್ವರದ ಮೋಡ್‌ನಲ್ಲಿದ್ದರೆ ಏಳು ಸ್ವರ, ಅದೂ ಮೊದಲು ಇದ್ದ ಸ್ವರಗಳ ಮೇಲೆ.

ಅವಳ ಕಣ್ಣು ಪಕ್ಕದಲ್ಲಿದ್ದ ಸಾಹಿತ್ಯದ ಕಾಗದದ ಮೇಲಿತ್ತು. ಮನೆಯಲ್ಲಿ ಎಲ್ಲರೂ ಮಲಗಿದ್ದರು ಅಂತ ಲ್ಯಾಪ್‌ಟಾಪ್ ಮ್ಯೂಟ್ ಮಾಡಿದ್ದಳು. ಇಲ್ಲದಿದ್ದರೆ ಒತ್ತಿದ ಸ್ವರ ಕೇಳಿಯೇ ಗೊತ್ತಾಗುತ್ತಿತ್ತು. ಮುಂದಿನ ಪದ "ನನ್ನ". ಅದರ ಮೊದಲ ಅಕ್ಷರ ಎನ್ ಒತ್ತುತ್ತಿದ್ದ ಹಾಗೇ ಸ್ವರದ ಮೋಡ್ ಆಫ್ ಆಯಿತು, ಯಾಕೆಂದರೆ ಆ ಮೋಡನ್ನು ಆನ್ ಆಫ್ ಮಾಡುವ ಕೀ ಅದೇ. ತಲೆಯೆತ್ತಿ ನೋಡಿದಾಗ ಏನೋ ಎಡವಟ್ಟಾಗಿದೆ ಅಂತ ಕಂಡು ಅನ್‌ಡೂ ಒತ್ತಿದಳು. ಐದು ಸಲ. ಏಳು ಸಲ ಒತ್ತಬೇಕಿತ್ತು. ಮೊದಲ ಎರಡು, ಬಿ ಮತ್ತು ಎ, ಹಾಗೇ ಉಳಿದವು.

ಇದರಲ್ಲಿ ಮರೆವು ಎಲ್ಲಿದೆ ಹೇಳಿ. ಒಂದು ವಿಷಯ ಮೊದಲು ಗೊತ್ತಿದ್ದರೆ ತಾನೇ ಮರೆಯುವುದು? ಸಾಹಿತ್ಯದ ಮೋಡ್‌ನಲ್ಲಿದ್ದೇನೆ ಅಂತಲೇ ಅವಳು ನಂಬಿದ್ದಳು. ಹಾಗಲ್ಲ ಅಂತ ಆ ಪರದೆ ಅವಳಿಗೆ ಎಲ್ಲಿ ಹೇಳಿತು? ಮೇಲಿನ ಪಟ್ಟಿಯಲ್ಲಿ ಒಂದು ಸಣ್ಣ ಪೆನ್ಸಿಲ್ ಚಿತ್ರದ ಬಣ್ಣ ಸ್ವಲ್ಪ ಗಾಢವಾಗಿತ್ತು, ಹಾಳೆಯ ಮೇಲೊಂದು ತೆಳು ಗೆರೆ ಇತ್ತು. ಅಷ್ಟೇ.

ಸಂಗೀತ ಗೊತ್ತಿಲ್ಲದ ಸ್ನೇಹಿತರಿಗೂ ಈ ಅನುಭವ ಇದ್ದೇ ಇದೆ. ಕನ್ನಡ ಕೀಬೋರ್ಡ್ ಆನ್ ಇದೆ ಅಂತ ಎರಡು ಸಾಲು ಟೈಪ್ ಮಾಡಿ ತಲೆಯೆತ್ತಿದರೆ ಪರದೆ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ನಮ್ಮಲ್ಲಿ ಯಾರಿಗೆ ಆಗಿಲ್ಲ?

ಇದು ಹೊಸ ಸಮಸ್ಯೆಯೂ ಅಲ್ಲ. 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬ್ರಾವೊ ಅನ್ನುವ, ಬರಹ ಟೈಪ್ ಮಾಡಿ ತಿದ್ದುವ ತಂತ್ರಾಂಶ ಇತ್ತು. ಅದರಲ್ಲಿ ಟೈಪ್ ಮಾಡುವ ಮೋಡ್ ಬೇರೆ, ಆಜ್ಞೆ ಕೊಡುವ ಮೋಡ್ ಬೇರೆ. ಆಜ್ಞೆಯ ಮೋಡ್‌ನಲ್ಲಿದ್ದು ಅದು ಗೊತ್ತಿಲ್ಲದೆ "ಎಡಿಟ್" ಅಂತ ಟೈಪ್ ಮಾಡಿದರೆ ಮುಗಿಯಿತು. ಇ ಅಂದರೆ ಪೂರ್ತಿ ಬರಹ ಆಯ್ಕೆ ಮಾಡು, ಡಿ ಅಂದರೆ ಅಳಿಸು, ಐ ಅಂದರೆ ಹೊಸದನ್ನು ಸೇರಿಸು. ಕೊನೆಗೆ ಪರದೆಯ ಮೇಲೆ ಉಳಿಯುವುದು ಟಿ ಅನ್ನುವ ಒಂದೇ ಅಕ್ಷರ. ಅಲ್ಲಿ ಕೆಲಸ ಮಾಡುತ್ತಿದ್ದ ಲ್ಯಾರಿ ಟೆಸ್ಲರ್ ಮೋಡ್‌ಗಳ ವಿರುದ್ಧ ಜೀವನಪೂರ್ತಿ ಮಾತಾಡಿದರು. ಅವರ ಕಾರಿನ ನಂಬರ್ ಪ್ಲೇಟ್ ಮೇಲೂ "ನೋ ಮೋಡ್ಸ್" ಅಂತಲೇ ಇತ್ತು. 2020ರಲ್ಲಿ ತೀರಿಕೊಂಡರು. ಆ "ಎಡಿಟ್" ಆಗಿ ಐವತ್ತು ವರ್ಷದ ಮೇಲೆ ನಮ್ಮ ಹುಡುಗಿಯ "ಬಾ ಬೇಗ".

ಈಗ ಕೆಲವರು ಹೇಳುತ್ತೀರಿ, ಮೋಡ್ ಇಲ್ಲದೆ ಆಗುವುದಿಲ್ಲ, ಇರುವ ಕೀಗಳೇ ಇಷ್ಟು, ಅಂತ. ಒಪ್ಪುತ್ತೇನೆ. ಪ್ರತಿ ಸ್ವರಕ್ಕೂ ಮೌಸ್ ಎಳೆಯುತ್ತಾ ಕೂತರೆ ಒಂದು ಹಾಡಿಗೆ ಒಂದು ವಾರ ಬೇಕು. ಮೋಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಅಡಗಿಸಿ ಇಡಬೇಡಿ ಅಂತ ಹೇಳುತ್ತಿದ್ದೇನೆ.

"ಅಭ್ಯಾಸ ಆದರೆ ಸರಿಹೋಗುತ್ತೆ" ಅನ್ನುವ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ಸ್ವರಲಿಪಿ ಬರೆಯುವ ತಂತ್ರಾಂಶಗಳನ್ನೇ ನೋಡಿ. ಕ್ವಾರ್ಟರ್ ನೋಟ್ (ಸಾಮಾನ್ಯವಾಗಿ ಒಂದು ಬೀಟ್‌ನ ಸ್ವರ) ಹಾಕಲು ಸಿಬೆಲಿಯಸ್‌ನಲ್ಲಿ 4 ಒತ್ತಬೇಕು, ಮ್ಯೂಸ್‌ಸ್ಕೋರ್‌ನಲ್ಲಿ 5, ಡೊರಿಕೊದಲ್ಲಿ 6. 2024ರ ಆಗಸ್ಟ್‌ನಲ್ಲಿ ಫಿನಾಲೆ ಅನ್ನುವ ಇಂಥದೇ ತಂತ್ರಾಂಶದ ಅಭಿವೃದ್ಧಿ ನಿಲ್ಲಿಸುತ್ತೇವೆ ಅಂತ ಘೋಷಣೆ ಬಂತಲ್ಲ, ಅದನ್ನೇ ಬಳಸುತ್ತಿದ್ದವರ ಕೈಗೆ ಇಪ್ಪತ್ತು ಮೂವತ್ತು ವರ್ಷದ ಅಭ್ಯಾಸ ಇತ್ತು. ಹೊಸ ತಂತ್ರಾಂಶಕ್ಕೆ ಹೋದಾಗ ಆ ಅಭ್ಯಾಸವೇ ಅವರ ಕೈ ತಪ್ಪಿಸುತ್ತದೆ. ಚೆನ್ನಾಗಿ ಪಳಗಿದ ಕೈ ನೋಡದೆ ಓಡುತ್ತದೆ. ನೋಡದೆ ಓಡುವ ಕೈಗೇ ಮೋಡ್ ಜಾಸ್ತಿ ಪೆಟ್ಟು ಕೊಡುವುದು.

1992ರ ಜನವರಿ 20ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಹತ್ತಿರ ಒಂದು ಎ320 ವಿಮಾನ ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಎರಡು ತಪ್ಪು ಸ್ವರಕ್ಕೂ 87 ಜೀವಕ್ಕೂ ಹೋಲಿಕೆ ಇಲ್ಲ, ಅದು ನನಗೂ ಗೊತ್ತು. ಆದರೆ ತಪ್ಪಿನ ಬೇರು ಒಂದೇ. ಇಳಿಯುವುದನ್ನು ಕೋನದಲ್ಲಿ ಹೇಳುವ ಮೋಡ್ ಒಂದು, ವೇಗದಲ್ಲಿ ಹೇಳುವ ಮೋಡ್ ಇನ್ನೊಂದು. ಒಂದರಲ್ಲಿ 3.3 ಡಿಗ್ರಿ ಅಂತ ಕಾಣುವ ಅಂಕೆ ಇನ್ನೊಂದರಲ್ಲಿ ಬರೀ 33, ಅಂದರೆ ನಿಮಿಷಕ್ಕೆ 3,300 ಅಡಿ. ಪೈಲಟ್‌ಗಳು ಒಂದು ಮೋಡ್ ಅಂದುಕೊಂಡು ಇನ್ನೊಂದರಲ್ಲಿ ಇದ್ದಿರಬೇಕು ಅನ್ನುವುದೇ ಹೆಚ್ಚು ಸಂಭವ ಅಂತ ತನಿಖೆಗೆ ಕಂಡಿತು. ಆಮೇಲೆ ಆ ಪರದೆಯನ್ನೇ ಬದಲಿಸಿದರು. ವೇಗದ ಮೋಡ್‌ನಲ್ಲಿ ನಾಲ್ಕೂ ಅಂಕೆ ಕಾಣುವ ಹಾಗೆ ಮಾಡಿದರು. "ನೆನಪಿಟ್ಟುಕೊಳ್ಳಿ" ಅಂತ ಪೈಲಟ್‌ಗಳಿಗೆ ಹೇಳಿ ಸುಮ್ನೆ ಕೂರಲಿಲ್ಲ.

ಪಿಯಾನೋದ ಪೆಡಲ್ ನೋಡಿ. ಅದೂ ಒಂದು ಮೋಡೇ. ಒತ್ತಿದ್ದರೆ ನಾದ ಉಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪೆಡಲ್ ಒತ್ತಿದ್ದೇನೆ ಅನ್ನುವುದು ತಲೆಗೆ ಮರೆತರೂ ಕಾಲಿಗೆ ಗೊತ್ತಿರುತ್ತದೆ. ಕೀಬೋರ್ಡ್‌ನ ಶಿಫ್ಟ್ ಕೀ ಕೂಡ ಹಾಗೇ, ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ. ಕ್ಯಾಪ್ಸ್ ಲಾಕ್ ಹಾಗಲ್ಲ, ಅದಕ್ಕೇ ಪಾಸ್‌ವರ್ಡ್ ಹಾಕುವ ಜಾಗದ ಪಕ್ಕದಲ್ಲೇ "ಕ್ಯಾಪ್ಸ್ ಲಾಕ್ ಆನ್ ಇದೆ" ಅಂತ ಎಷ್ಟೋ ಕಡೆ ತೋರಿಸುತ್ತಾರೆ. ಪಕ್ಕದಲ್ಲೇ, ಮೇಲಿನ ಮೂಲೆಯಲ್ಲಲ್ಲ. ಹಾಡಿನ ಹಾಳೆಗೂ ಅಷ್ಟು ಮಾಡಿಕೊಡಲಿ. ಸ್ವರದ ಮೋಡ್‌ನಲ್ಲಿದ್ದಾಗ ಆ ಸಾಲಿನ ಹಿನ್ನೆಲೆಯೇ ಬೇರೆ ಬಣ್ಣ ಆಗಲಿ. ಇದ್ದ ಸ್ವರ ಅಳಿಸಿ ಹೋಗುವಾಗ ಅದರ ನೆರಳಾದರೂ ಒಂದು ಕ್ಷಣ ಉಳಿಯಲಿ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಮೂರು ವರ್ಷದ ಹಿಂದೆ ಈ ಕೆಲಸ ಇನ್ನೊಬ್ಬ ಹುಡುಗ ಮಾಡುತ್ತಿದ್ದ. ಇನ್ಸರ್ಟ್ ಮೋಡ್ ಆನ್ ಇದ್ದದ್ದು ಗೊತ್ತಾಗದೆ ಒಂದು ಸ್ವರ ತಿದ್ದಲು ಹೋದ. ಅದು ಹಳೆಯ ಸ್ವರದ ಜಾಗಕ್ಕೆ ಹೋಗಲಿಲ್ಲ, ನಡುವೆ ತೂರಿಕೊಂಡಿತು. ಅಲ್ಲಿಂದ ಕೊನೆಯವರೆಗೆ ಎಲ್ಲವೂ ಒಂದು ಬೀಟ್ ಬಲಕ್ಕೆ ಸರಿಯಿತು. ನಾನು ಎಲ್ಲರ ಮುಂದೆ "ನಿನಗೆ ಗಮನವೇ ಇಲ್ಲ" ಅಂದೆ. ಅವನು ಏನೂ ಮಾತಾಡಲಿಲ್ಲ, ಮುಂದಿನ ತಿಂಗಳಿಂದ ಹಾಳೆ ಮಾಡುವುದು ಬಿಟ್ಟ. ಅದಾಗಿ ಆರು ತಿಂಗಳಿಗೆ ನನ್ನ ಕೈಯಲ್ಲೂ ಸರಿಯಾಗಿ ಅದೇ ತಪ್ಪು ಆಯಿತು. ನಾನು ಯಾರಿಗೂ ಹೇಳದೆ ರಾತ್ರಿ ಕೂತು ಸರಿಮಾಡಿಕೊಂಡೆ. ಅವನಿಗೂ ಹೇಳಲಿಲ್ಲ.

ಇವತ್ತು ಅವಳು "ಮರೆತುಬಿಟ್ಟೆ" ಅಂದಾಗ ನನಗೆ ನೆನಪಾಗಿದ್ದು ಅವನ ಮುಖ.

ಇದನ್ನು ಬರೆಯುತ್ತಿರುವಾಗಲೇ ಅವಳ ಮೆಸೇಜ್ ಬಂತು. ಇಪ್ಪತ್ತೆರಡನೇ ಬಾರ್ ಸರಿ ಮಾಡಿದ್ದಾಳೆ. "ಉಳಿದ ಹಾಳೆಗಳನ್ನೂ ಒಂದ್ಸಲ ನೋಡ್ಲಾ ಅಕ್ಕಾ?" ಅಂತ ಕೇಳಿದ್ದಾಳೆ. ನಾಳೆ ತಗೊಂಡು ಬಾ, ಇಬ್ಬರೂ ಸೇರಿ ನೋಡೋಣ ಅಂತ ಬರೆದೆ. ಅವನ ನಂಬರ್ ಇನ್ನೂ ನನ್ನ ಹತ್ತಿರ ಇದೆ. ಬೆಳಿಗ್ಗೆ ಮೊದಲು ಅವನಿಗೆ ಫೋನ್ ಮಾಡುತ್ತೇನೆ.