ಕಮ್ಯುನಿಟಿ ಕಾಲೇಜು ಅಂದರೆ ಮುಖ ಯಾಕೆ ಸಣ್ಣದಾಗಬೇಕು?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆ "ಮಗ ಎಲ್ಲಿ ಓದ್ತಿದ್ದಾನೆ?" ಅಂತ ಕೇಳಿ ನೋಡಿ. ಬರ್ಕ್ಲಿ ಯೂನಿವರ್ಸಿಟಿ ಅನ್ನುವಾಗ ದನಿ ಜೋರಾಗಿರುತ್ತದೆ. ಡಿ ಆನ್ಜಾ, ಅಂದರೆ ಇಲ್ಲಿನ ಎರಡು ವರ್ಷದ ಕಮ್ಯುನಿಟಿ ಕಾಲೇಜು, ಅನ್ನುವಾಗ "ಸದ್ಯಕ್ಕೆ ಅಲ್ಲಿದ್ದಾನೆ, ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗ್ತಾನೆ" ಅಂತ ಯಾರೂ ಕೇಳದ ಸಮಜಾಯಿಷಿ ಬೇರೆ. ಊರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾಗೆ ಸೇರಿದವರನ್ನೂ ನಾವು ಹೀಗೇ ನೋಡುತ್ತಿದ್ದೆವು, ಅಲ್ವಾ? ಅವರು ಸೀದಾ ಎರಡನೇ ವರ್ಷದ ಬಿಇಗೆ ಬಂದು ಕೂತಾಗ ಮಷಿನ್ ಶಾಪಿನಲ್ಲಿ ಅವರ ಕೈಯೇ ನಮಗಿಂತ ಚುರುಕಾಗಿತ್ತು. ಆದರೂ ನಮಗೆ ಬುದ್ಧಿ ಬಂದಿಲ್ಲ.

ಸ್ವಂತ ಬಿಸಿನೆಸ್ ಮಾಡಬೇಕು ಅನ್ನುವ ಮಕ್ಕಳು ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲೇ ಓದುವುದು ವಾಸಿ ಅಂತ ನನ್ನ ಲೆಕ್ಕ. ಕಾರಣ ದುಡ್ಡು. ಕ್ಯಾಲಿಫೋರ್ನಿಯಾದವರಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ (ಕೋರ್ಸಿನ ಅಳತೆ, ಕ್ರೆಡಿಟ್ ಇದ್ದ ಹಾಗೆ) 46 ಡಾಲರ್. ವರ್ಷಕ್ಕೆ 30 ಯೂನಿಟ್ ಅಂದರೂ 1,380. ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಬರ್ಕ್ಲಿಯೂ ಇದರದೇ ಕ್ಯಾಂಪಸ್) ಊಟ, ಬಾಡಿಗೆ ಬಿಟ್ಟು ಬರೀ ಫೀಸೇ 15,000 ಡಾಲರಿನ ಆಸುಪಾಸು. ತಲೆ ಮೇಲೆ ಸಾಲ ಇಟ್ಟುಕೊಂಡು ಡಿಗ್ರಿ ಮುಗಿಸಿದ ಮಗು ಸಂಬಳ ಎಲ್ಲಿ ಸಿಗುತ್ತದೆ ಅಂತ ನೋಡುತ್ತದೆಯೇ ಹೊರತು ಅಂಗಡಿ ತೆರೆಯುವುದಿಲ್ಲ.

ಸನ್ನಿವೇಲ್‌ನಲ್ಲಿ ನಮ್ಮ ಪರಿಚಯದ ಹುಡುಗನೊಬ್ಬ ಹಳೇ ಸೈಕಲ್ ತಂದು, ಗ್ಯಾರೇಜಿನಲ್ಲಿ ರಿಪೇರಿ ಮಾಡಿ ಮಾರುತ್ತಿದ್ದ. 60 ಡಾಲರಿಗೆ ತಂದದ್ದು, ಚೈನು, ಬ್ರೇಕ್ ಪ್ಯಾಡು ಹಾಕಿದ ಮೇಲೆ 140ಕ್ಕೆ ಹೋಯಿತು ಅಂತ ಭಾರೀ ಖುಷಿ. ಆಮೇಲೆ ಕಾಲೇಜಿನ ಅಕೌಂಟಿಂಗ್ ಕ್ಲಾಸಿನಲ್ಲಿ ಖರ್ಚು ಹಾಕುವುದು ಕಲಿತು, ಅದೇ ಸೈಕಲ್ಲಿಗೆ ಬಿಡಿಭಾಗ, ಫ್ರೀಮಾಂಟ್‌ಗೆ ಹೋಗಿಬಂದ ಪೆಟ್ರೋಲು, ತನ್ನ ಐದು ಗಂಟೆ ಕೆಲಸ ಎಲ್ಲ ಸೇರಿಸಿ ಕೂಡಿದ. ಗಂಟೆಗೆ ಬಿದ್ದದ್ದು 7 ಡಾಲರ್! ಪಿಜ್ಜಾ ಅಂಗಡಿಯಲ್ಲಿ ಪಾತ್ರೆ ತೊಳೆದರೂ ಅದರ ಎರಡರಷ್ಟು ಸಿಗುತ್ತದೆ. ಮಾರಾಟ ಬಿಟ್ಟು ಈಗ ಬರೀ ರಿಪೇರಿ ಮಾಡುತ್ತಾನೆ.

ಟ್ರಾನ್ಸ್‌ಫರ್ ತಾನಾಗೇ ಆಗುತ್ತದೆ ಅಂತ ಮಾತ್ರ ಕೂರಬೇಡಿ. ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸನ್ನು ಯಾವ ಯೂನಿವರ್ಸಿಟಿ ಒಪ್ಪುತ್ತದೆ ಅಂತ ಅಸಿಸ್ಟ್ ವೆಬ್‌ಸೈಟಿನಲ್ಲಿದೆ, ಮೊದಲ ಟರ್ಮಿನಿಂದಲೇ ನೋಡಬೇಕು. ಟ್ರಾನ್ಸ್‌ಫರ್ ಆಗುವವರಿಗೆ ಸೀಟು ಖಾತ್ರಿ ಕೊಡುವ ಟ್ಯಾಗ್ ಅನ್ನುವ ಒಪ್ಪಂದ ಇರುವುದು ಆರು ಯುಸಿ ಕ್ಯಾಂಪಸ್‌ಗಳಲ್ಲಿ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಅದರಲ್ಲಿಲ್ಲ. ಟ್ಯಾಗ್ ಅರ್ಜಿ ಸೆಪ್ಟೆಂಬರ್‌ನಲ್ಲೇ ಹಾಕಬೇಕು. ನಮ್ಮಲ್ಲಿ ಅನೇಕರು ದೀಪಾವಳಿ ಕಳೆದ ಮೇಲೆ ಎಚ್ಚರವಾಗುತ್ತಾರೆ.

ಇನ್ನು "ಆಂತ್ರಪ್ರೆನರ್‌ಶಿಪ್" ಅಂತ ಹೆಸರಿರುವ ಮೇಜರ್‌ಗೇ, ಅಂದರೆ ಮುಖ್ಯ ವಿಷಯಕ್ಕೇ, ಹಟ ಯಾಕೆ ಅಂತ ನನಗೆ ಅರ್ಥವಾಗಿಲ್ಲ. ಯುಸಿಎಲ್‌ಎನಲ್ಲಿ ಬಿಸಿನೆಸ್ ಎಕನಾಮಿಕ್ಸ್ ಇದೆ, ಸಾಲದೇ? ಯೂನಿವರ್ಸಿಟಿಯಲ್ಲಿ ಸಿಗಬೇಕಾದದ್ದು ಜನ, ಮೇಜರಿನ ಹೆಸರಲ್ಲ. ಆ್ಯಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಇದೇ ಡಿ ಆನ್ಜಾದಲ್ಲಿ ಓದಿ 1971ರಲ್ಲಿ ಬರ್ಕ್ಲಿಗೆ ಹೋದವರು. ಅಲ್ಲಿನ ಹಾಸ್ಟೆಲ್ ರೂಮುಗಳಲ್ಲಿ ಅವರೂ ಗೆಳೆಯ ಸ್ಟೀವ್ ಜಾಬ್ಸೂ ಪುಕ್ಕಟೆ ಫೋನ್ ಮಾಡುವ ಬ್ಲೂ ಬಾಕ್ಸ್ ಮಾರಿದರು (ಅದು ಕಾನೂನಿಗೆ ವಿರುದ್ಧ, ಮಕ್ಕಳಿಗೆ ಹೇಳಬೇಡಿ). ಆ್ಯಪಲ್ ಶುರುವಾದದ್ದು 1976ರಲ್ಲಿ, ವೋಜ್ನಿಯಾಕ್ ಡಿಗ್ರಿ ಮುಗಿಸಿದ್ದು 1986ರಲ್ಲಿ.

ಅಪ್ಪ ಅಮ್ಮನ ಎಚ್-1ಬಿ ಕೆಲಸದ ವೀಸಾ ಆಧಾರದಲ್ಲಿ ಸಿಗುವ ಎಚ್-4 ವೀಸಾದಲ್ಲಿರುವ ಮಕ್ಕಳ ಕಥೆಯೇ ಬೇರೆ. ಅವರು ಇಲ್ಲಿ ಕೆಲಸ ಮಾಡಿ ದುಡಿಯುವ ಹಾಗಿಲ್ಲ. 21 ತುಂಬಿದರೆ ಎಚ್-4 ಕೂಡ ಹೋಗುತ್ತದೆ. ಎಫ್-1 ಸ್ಟೂಡೆಂಟ್ ವೀಸಾ ತಗೊಂಡರೂ ಪರ್ಮಿಶನ್ ಇಲ್ಲದೆ ಸ್ವಂತ ಕಂಪನಿಯಲ್ಲೂ ದುಡಿಯುವಂತಿಲ್ಲ. ಅಂಥ ಮಕ್ಕಳಿಗೆ "ಸುಮ್ನೆ ಏನಾದರೂ ಶುರು ಮಾಡಪ್ಪ" ಅನ್ನುವ ಅಂಕಲ್‌ಗಳು ದಯವಿಟ್ಟು ಮೊದಲು ಒಬ್ಬ ಇಮಿಗ್ರೇಶನ್ ಲಾಯರ್ ನಂಬರ್ ಕೊಡಿ.