ತಗ್ಗಿ ನಿಂತರಷ್ಟೇ ಸಾಲದು

ಆಟಗಳಲ್ಲಿ ದೇಹದ ಸಮತೋಲನದ ಕುರಿತ ನಿಮ್ಮ ಲೇಖನ ಇಷ್ಟವಾಯಿತು. ಆದರೆ ‘ದ್ರವ್ಯರಾಶಿ ಕೇಂದ್ರ (ಇಡೀ ಭಾರ ಒಂದೆಡೆ ನೆಲೆಸಿದೆ ಎನ್ನಬಹುದಾದ ಬಿಂದು) ತಗ್ಗಿದಷ್ಟೂ ಆಟಗಾರ ಸ್ಥಿರ’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವುದಕ್ಕೆ ನನ್ನ ತಕರಾರಿದೆ. ನಮ್ಮ ಕೋಲಾರದ ಟೊಮೆಟೊ ಮಾರುಕಟ್ಟೆಗೆ ಒಮ್ಮೆ ಬಂದು ನೋಡಿ. ಬಾಕ್ಸ್‌ಗಳನ್ನು ತಲೆಯ ಮೇಲೆ ಹೊತ್ತ ಹಮಾಲಿಯ ಕೇಂದ್ರ ಮೇಲಕ್ಕೇ ಏರಿರುತ್ತದೆ; ಆದರೂ ಆತ ಕೆಸರಿನಲ್ಲಿ ಬೀಳುವುದಿಲ್ಲ. ಭಾರ ಪಾದದಾಚೆಗೆ ವಾಲುವಷ್ಟರಲ್ಲಿ ಮುಂದಿನ ಹೆಜ್ಜೆ ಅದರ ಕೆಳಗೆ ಬಂದು ಕುಳಿತಿರುತ್ತದೆ.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ಸೊಂಟ ತಗ್ಗಿಸಿ, ಕಾಲು ಅಗಲಿಸಿ ನಿಂತ ದಾಳಿಗಾರನನ್ನು ಕದಲಿಸುವುದು ಕಷ್ಟ, ನಿಜ. ಆದರೆ ಬೋನಸ್ ಅಂಕ ಸಿಗಬೇಕಾದರೆ ಒಂದು ಕಾಲು ಬೋನಸ್ ಗೆರೆಯಾಚೆ ನೆಲ ಮುಟ್ಟುವಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಆ ಕ್ಷಣ ಇಡೀ ದೇಹಕ್ಕೆ ಒಂದೇ ಪಾದದ ಆಧಾರ. ಎಷ್ಟು ತಗ್ಗಿದ್ದರೇನು, ಪಕ್ಕದಿಂದ ಸಣ್ಣ ನೂಕು ಸಾಕು. ಎದುರಾಳಿ ಸಾಲಿನ ತುದಿಯಲ್ಲಿ ನಿಲ್ಲುವ ಚಾಣಾಕ್ಷ ಕಾರ್ನರ್ ಆಟಗಾರ ಕಾಯುವುದೇ ಅದಕ್ಕೆ. (ಕೆಂಪು ಮಣ್ಣಿನಲ್ಲಿ ತರಚಿದ ನನ್ನ ಎಡ ಮೊಣಕಾಲಿನ ಕಲೆ ಇನ್ನೂ ಮಾಸಿಲ್ಲ.)

ಕಡಿಮೆ ದೂರದ ವೇಗದ ಓಟದಲ್ಲಂತೂ ಸ್ಥಿರತೆಯನ್ನು ಬೇಕೆಂದೇ ಬಿಟ್ಟುಕೊಡಬೇಕು. ಓಟ ಶುರುವಾಗುವ ಮುನ್ನ ‘ಸೆಟ್’ ಎಂದು ಕೂಗಿದಾಗ ಓಟಗಾರ ಭಾರವನ್ನು ನೆಲಕ್ಕೂರಿದ ಕೈಗಳ ಮೇಲೆ ಮುಂದಕ್ಕೆ ಚೆಲ್ಲುತ್ತಾನೆ. ಕೈ ಎತ್ತಿದರೆ ಬೀಳುವ ಸ್ಥಿತಿ, ಆ ಬೀಳುವಿಕೆಯೂ ಓಟಕ್ಕೆ ನೆರವಾಗುತ್ತದೆ.

ಇನ್ನೊಂದು ಮಾತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆನ್ನಡಿಯಾಗಿ 2.24 ಮೀಟರ್ ಹಾರಿ ಚಿನ್ನ ಗೆದ್ದ ಡಿಕ್ ಫಾಸ್ಬರಿಯ ಹೆಸರೇ ಲೇಖನದಲ್ಲಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿದಾಗ ಕೇಂದ್ರ ದೇಹದಿಂದಲೇ ಹೊರಬಿದ್ದು, ಮೈ ಅಡ್ಡಪಟ್ಟಿಯ ಮೇಲೆ ದಾಟಿದರೂ ಕೇಂದ್ರ ಅದರ ಕೆಳಗೆ ಸಾಗಬಲ್ಲದು. ಮುಂದಿನ ಕಂತಿನಲ್ಲಾದರೂ ಇದನ್ನು ಚಿತ್ರ ಸಮೇತ ವಿವರಿಸಿ.